'ಮಹಾಪಾಪ'ದಿಂದ 'ಅಯ್ಯೋ ಪಾಪ'ದವರೆಗೆ: ಒಬ್ಬ ಪಾದ್ರಿ, ಒಂದು ಫೋನ್

ಇವತ್ತಿನ ಎಪಿಸೋಡ್‌ನಲ್ಲಿ ಆತ್ಮಹತ್ಯೆಯ ವಿಷಯ ಬರುತ್ತೆ. ಮನಸ್ಸು ಭಾರವಾಗಿದ್ರೆ ಇದನ್ನ ಇನ್ನೊಂದು ದಿನ ಕೇಳಿ. ಯಾರ ಹತ್ರನಾದ್ರೂ ಮಾತಾಡಬೇಕು ಅನ್ಸಿದ್ರೆ ಟೆಲಿ ಮನಸ್ ನಂಬರ್ 14416. ಹಗಲು ರಾತ್ರಿ ಯಾವಾಗ ಬೇಕಾದ್ರೂ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ನಮ್ಮ ಪೇಪರ್‌ಗಳಲ್ಲಿ ಬರೋ ಒಂದು ಹೆಡ್‌ಲೈನ್ ನೆನಪಿಸಿಕೊಳ್ಳಿ. 'ಯುವಕ ಆತ್ಮಹತ್ಯೆಗೆ ಶರಣು'. ಶರಣು ಅನ್ನೋದು ನಾವು ದೇವರ ಮುಂದೆ, ಗುರುಗಳ ಮುಂದೆ ತಲೆಬಾಗಿ ಹೇಳೋ ಮಾತು. ಇನ್ನು 'ಹತ್ಯೆ' ಅನ್ನೋದು ಗೋಹತ್ಯೆ, ಬ್ರಹ್ಮಹತ್ಯೆಗಳ ಸಾಲಿನದು, ಪಾಪಗಳ ಪಟ್ಟಿಯದು. ಮೂರೇ ಪದದ ಹೆಡ್‌ಲೈನ್‌ನಲ್ಲಿ ಭಕ್ತಿಯೂ ಇದೆ, ಪಾಪವೂ ಇದೆ. ಆ ಹುಡುಗನಿಗೆ ಏನಾಗಿತ್ತು ಅನ್ನೋದಕ್ಕೆ ಮಾತ್ರ ಜಾಗ ಇಲ್ಲ.

ಇದು ನಮ್ಮೊಬ್ಬರ ಕಥೆ ಅಲ್ಲ. ಇಂಗ್ಲೆಂಡಿನ ಚರ್ಚ್‌ನ 1662ರ ಪ್ರಾರ್ಥನಾ ಪುಸ್ತಕ ತೆಗೆದು ನೋಡಿ. ತಮ್ಮ ಜೀವ ತಾವೇ ತೆಗೆದುಕೊಂಡವರಿಗೆ ಶವಸಂಸ್ಕಾರದ ಪ್ರಾರ್ಥನೆ ಓದಬಾರದು ಅಂತ ಅದರಲ್ಲೇ ಬರೆದಿತ್ತು. ಹೆಣವನ್ನ ನಾಲ್ಕು ದಾರಿ ಸೇರೋ ಕಡೆ ಹೂಳೋ ಪದ್ಧತಿನೂ ಇತ್ತು. 1823ರಲ್ಲಿ ಕಾನೂನು ಸ್ವಲ್ಪ ಮೆತ್ತಗಾಯ್ತು. ಚರ್ಚಿನ ಸ್ಮಶಾನದಲ್ಲೇ ಹೂಳಬಹುದು, ಆದ್ರೆ ರಾತ್ರಿ 9ರಿಂದ 12ರೊಳಗೆ, ಪ್ರಾರ್ಥನೆ ಇಲ್ಲದೆ. ಮೆತ್ತಗಾದ ಕಾನೂನೇ ಹೀಗೆ! 1870ರವರೆಗೆ ಸತ್ತವರ ಆಸ್ತಿಯನ್ನ ಸರ್ಕಾರ ಮುಟ್ಟುಗೋಲು ಹಾಕಿಕೊಳ್ಳೋ ಅವಕಾಶನೂ ಇತ್ತು. ಅದಕ್ಕೇ ಎಷ್ಟೋ ಸಲ ಜ್ಯೂರಿಯವರು 'ಇವರ ಬುದ್ಧಿ ಸ್ವಾಧೀನದಲ್ಲಿರಲಿಲ್ಲ' ಅಂತ ತೀರ್ಪು ಕೊಟ್ಟುಬಿಡೋರು. ಹೆಂಡ್ತಿ ಮಕ್ಕಳಿಗೆ ಮನೆ ಉಳೀಲಿ, ಮಣ್ಣಿಗೆ ಹೋಗೋವಾಗ ಪ್ರಾರ್ಥನೆ ಸಿಗಲಿ ಅಂತ. ಕರುಣೆ ತೋರಿಸಬೇಕಾದ್ರೆ 'ಹುಚ್ಚು' ಅನ್ನಲೇಬೇಕಾಗಿತ್ತು. ಈ ಪಟ್ಟ ಇವತ್ತಿಗೂ ಪೂರ್ತಿ ಬಿಟ್ಟುಹೋಗಿಲ್ಲ ಅನ್ಸುತ್ತೆ ನಂಗೆ.

ಈಗ 1935ಕ್ಕೆ ಬನ್ನಿ. ಊರು ಲಿಂಕನ್. ಚಾಡ್ ವರಾ ಅಂತ ಒಬ್ಬ ಯುವ ಪಾದ್ರಿ, ಕೆಲಸಕ್ಕೆ ಸೇರಿದ ಹೊಸತು. ಅವರು ಮಾಡಿಸಿದ ಮೊದಲ ಶವಸಂಸ್ಕಾರ 14 ವರ್ಷದ ಹುಡುಗಿಯದು. ಮೊದಲ ಸಲ ಮುಟ್ಟಾಗಿದ್ದಳು. ಅದು ಏನು ಅಂತ ಅವಳಿಗೆ ಗೊತ್ತಿರಲಿಲ್ಲ, ಯಾವುದೋ ಗುಪ್ತರೋಗ ಬಂದಿದೆ ಅಂದುಕೊಂಡು ಜೀವ ಕಳ್ಕೊಂಡಳು.

ಸ್ವಲ್ಪ ಯೋಚನೆ ಮಾಡಿ. ಆ ಮಗು ಮುಂದೆ ಯಾವ ಧರ್ಮದ ಮಾತು ಹೇಳ್ತೀರಿ? 'ಮಹಾಪಾಪ' ಅಂತನಾ? ಅವಳಿಗೆ ಬೇಕಾಗಿದ್ದು 'ಇದು ಎಲ್ಲರಿಗೂ ಆಗುತ್ತೆ ಪುಟ್ಟಾ' ಅನ್ನೋ ಒಬ್ಬರು. ಅಷ್ಟೇ. ನಮ್ಮ ಕನ್ನಡದಲ್ಲಿ 'ಪಾಪ' ಅನ್ನೋ ಪದಕ್ಕೆ ಎರಡು ಮುಖ ಇದೆ ನೋಡಿ. ಒಂದು ನರಕಕ್ಕೆ ಕಳಿಸೋ ಪಾಪ, ಇನ್ನೊಂದು 'ಅಯ್ಯೋ ಪಾಪ'. ಅದೇ ಪದ, ಹೇಳೋ ದನಿ ಬೇರೆ.

ವರಾ ಆ ಹುಡುಗಿಯನ್ನ ಮರೀಲಿಲ್ಲ. 1953ರಲ್ಲಿ ಅವರು ಲಂಡನ್ನಿನ ಸೇಂಟ್ ಸ್ಟೀಫನ್ ವಾಲ್‌ಬ್ರೂಕ್ ಚರ್ಚಿಗೆ ಬಂದ್ರು. ಸೈಡಲ್ಲಿ ಮಕ್ಕಳ ಕಾಮಿಕ್‌ಗೆ ಬಾಹ್ಯಾಕಾಶದ ಸಲಹೆಗಾರ ಬೇರೆ ಆಗಿದ್ರು, ಒಂಥರಾ ಮಜಾ ಮನುಷ್ಯ. ಆ ವರ್ಷ ನವೆಂಬರ್ 2ರಂದು ಚರ್ಚಿನ ಫೋನಿಗೆ ಮೊದಲ ಕರೆ ಬಂತು. ನಂಬರ್ ಮ್ಯಾನ್ 9000. ಸಾಯೋ ಯೋಚನೆ ಬಂದವರು ಯಾರು ಬೇಕಾದ್ರೂ ಮಾಡಬಹುದಾಗಿತ್ತು. ಡಿಸೆಂಬರ್‌ನಲ್ಲಿ ಡೈಲಿ ಮಿರರ್ ಪತ್ರಿಕೆ ಬೈಬಲ್ಲಿನ ಸಮಾರಿಟನ್ ಹೆಸರು ಅಂಟಿಸ್ತು, ಅದೇ ಉಳ್ಕೊಳ್ತು. ಆ ಕಥೆ ಗೊತ್ತಲ್ವಾ? ಗಾಯಗೊಂಡು ದಾರೀಲಿ ಬಿದ್ದವನನ್ನ ನೋಡಿದ ಪುರೋಹಿತ ಪಕ್ಕಕ್ಕೆ ಸರಿದು ಹೋಗ್ತಾನೆ. ಕೈಹಿಡಿದು ಎತ್ತೋನು ಬೇರೆ ಜನಾಂಗದವನು. ಪಾದ್ರಿಯೇ ಶುರು ಮಾಡಿದ ಸೇವೆಗೆ ಈ ಹೆಸರು!

ಆಮೇಲೆ ಆಗಿದ್ದು ಇನ್ನೂ ಇಂಟರೆಸ್ಟಿಂಗ್. ಚರ್ಚಿಗೇ ಬರೋ ಜನ ಜಾಸ್ತಿಯಾದ್ರು. ಕಾಯ್ತಾ ಕೂತವರಿಗೆ ಟೀ ಕೊಡೋಕೆ, ಜೊತೆಗೆ ಕೂರೋಕೆ ಸ್ವಯಂಸೇವಕರು ಬಂದ್ರು. ಎಷ್ಟೋ ಜನ ಅವರ ಜೊತೆ ಮಾತಾಡಿ ಹಗುರಾಗಿ, ಒಳಗಿರೋ ಪಾದ್ರಿಯನ್ನ ಕಾಣದೇ ಎದ್ದು ಹೋಗ್ತಿದ್ರು. ಇನ್ನೊಬ್ಬರಾಗಿದ್ರೆ ಬೇಜಾರು ಮಾಡ್ಕೊಳ್ತಿದ್ರೇನೋ. ವರಾ 1954ರಲ್ಲಿ ಫೋನನ್ನೇ ಅವರ ಕೈಗೆ ಕೊಟ್ಟುಬಿಟ್ರು. ಒಂದು ನಿಯಮ ಗಟ್ಟಿಯಾಗಿತ್ತು: ನಿಮ್ಮ ನಂಬಿಕೆಯನ್ನ ಕರೆ ಮಾಡಿದವರ ಮೇಲೆ ಹೇರಬಾರದು. ದೇವರಿಂದಲೇ ಸಮಾಧಾನ ಸಿಗೋರು ಇದ್ದೇ ಇರ್ತಾರೆ, ಅದು ಸುಳ್ಳಲ್ಲ. ಆದ್ರೆ ಆ ಮಾತು ಅವರ ಬಾಯಿಂದ ಬರಬೇಕು.

ಗಮನಿಸಿ, ಈ ಫೋನ್ ಶುರುವಾದಾಗ ಆತ್ಮಹತ್ಯೆಗೆ ಪ್ರಯತ್ನಿಸೋದು ಇಂಗ್ಲೆಂಡ್‌ನಲ್ಲಿ ಅಪರಾಧ. ಬದುಕುಳಿದವರು ಕೋರ್ಟಿಗೆ ಹೋಗಬೇಕಾಗ್ತಿತ್ತು. 1961ರಲ್ಲಿ ಅವರು ಅದನ್ನ ತೆಗೆದ್ರು. ಅವರೇ 1860ರಲ್ಲಿ ನಮಗೆ ಬರೆದುಕೊಟ್ಟ ದಂಡಸಂಹಿತೆಯ ಸೆಕ್ಷನ್ 309 ಮಾತ್ರ ಇಲ್ಲಿ ಉಳೀತು, ಒಂದು ವರ್ಷದವರೆಗೆ ಜೈಲು. 2017ರ ಮಾನಸಿಕ ಆರೋಗ್ಯ ಕಾಯ್ದೆ ಬಂದು, ಅಂಥವರು ತೀವ್ರ ಒತ್ತಡದಲ್ಲಿದ್ರು ಅಂತಲೇ ಭಾವಿಸಬೇಕು, ಅವರಿಗೆ ಆರೈಕೆ ಕೊಡಬೇಕು ಅಂತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 309 ಇಲ್ಲ. ಸರ್ಕಾರಿ ನೌಕರರ ಕೆಲಸ ತಡೆಯೋಕೆ ಮಾಡೋ ಪ್ರಯತ್ನಕ್ಕೆ ಮಾತ್ರ ಶಿಕ್ಷೆ ಉಳಿದಿದೆ.

1961, 2024. ನಡುವೆ 63 ವರ್ಷ.