ಶೇಕ್ಸ್‌ಪಿಯರನ ಅಳಿಯ ಡಾಕ್ಟರ ಮನೆ



ಬೆಳ್ಳಿ ಹಬ್ಬದ ಸಂಚಿಕೆಯಲ್ಲಿ ಇಂಗ್ಲೆಂಡಿನ ಮನೆಯೊಂದರ ಕಥೆ ಯಾಕಪ್ಪಾ ಅಂತೀರಾ? ಕಡೇತನಕ ಓದಿ, ನಿಮಗೇ ತಿಳಿಯುತ್ತೆ.

ಶೇಕ್ಸ್‌ಪಿಯರ್ ಹೆಸರು ಹೈಸ್ಕೂಲು ಮೆಟ್ಟಿಲು ಹತ್ತಿದವರೆಲ್ಲ ಕೇಳಿದ್ದೀರಿ. ಏವನ್ ನದಿ ದಡದ ಸ್ಟ್ರಾಟ್‌ಫರ್ಡ್ ಅವನ ಊರು. ಅವನ ಹಿರಿಯ ಮಗಳು ಸುಸಾನಳನ್ನು 1607ರಲ್ಲಿ ಮದುವೆಯಾದ ಜಾನ್ ಹಾಲ್ ಆ ಸೀಮೆಗೇ ಹೆಸರಾದ ವೈದ್ಯ. ಈ ದಂಪತಿಗಳು ಬಾಳಿದರೆಂದು ಹಿಂದಿನಿಂದ ಹೇಳಿಕೊಂಡು ಬಂದ ಮನೆಗೆ 'ಹಾಲ್ಸ್ ಕ್ರಾಫ್ಟ್' ಎಂದು ಹೆಸರು. ತೊಲೆಗಳನ್ನು ಪರೀಕ್ಷೆ ಮಾಡಿ, ಇದು ಸುಮಾರು 1613ರ ಕಟ್ಟಡ ಅಂತ ಗೊತ್ತುಮಾಡಿದ್ದಾರೆ.

ಓಕ್ ಮರದ ಕಂಬ ತೊಲೆಗಳನ್ನು ಕೂಡಿಸಿ ಕಟ್ಟಿದ ಮಹಡಿ ಮನೆ ಇದು. ಆ ಕಾಲದಲ್ಲಿ ಅಲ್ಲಿ ಇಂಥ ಮನೆಗಳಿಗೆ, ನಮ್ಮ ಹಳೇ ಮಣ್ಣುಗೋಡೆಗಳ ಹಾಗೇ, ಕಂಬಗಳ ನಡುವೆ ಕಡ್ಡಿ ಹೆಣೆದ ತಡಿಕೆಗೆ ಮಣ್ಣು ಮೆತ್ತಿ ಸುಣ್ಣ ಬಳೀತಿದ್ದರು. ಮಹಡಿ ಬೀದಿ ಕಡೆಗೆ ಮುಂದಕ್ಕೆ ಚಾಚಿದೆ. ಛಾವಣಿ ಮೇಲೆ ಇಟ್ಟಿಗೆಯ ಎತ್ತರದ ಹೊಗೆಗೂಡು, ಒಳಗೆ ಕಲ್ಲುಚಪ್ಪಡಿ ನೆಲ, ಹಿಂದೆ ತೋಟ.

ಹಾಲ್ ರೋಗಿಯ ಧರ್ಮ, ಪಂಗಡ ನೋಡುತ್ತಿರಲಿಲ್ಲ. ಸಿರಿವಂತರಿಗೂ ಸಾಮಾನ್ಯರಿಗೂ ಮದ್ದು ಕೊಟ್ಟ. ಒಸಡು ಕೊಳೆಯುವ ಸ್ಕರ್ವಿ ರೋಗಕ್ಕೆ ಹಸಿರು ಸೊಪ್ಪುಗಳ ಔಷಧಿ ಮಾಡಿ ಕುಡಿಸುತ್ತಿದ್ದ. 'ಸಿ' ಜೀವಸತ್ವ ಪತ್ತೆಯಾದದ್ದು 20ನೇ ಶತಮಾನದಲ್ಲಿ! ತನ್ನ ಹೆಂಡತಿ, ಮಗಳಿಗೆ ಮಾಡಿದ ಚಿಕಿತ್ಸೆಯನ್ನೂ ಬಿಡದೆ ಬರೆದಿಟ್ಟ. ಅವನು 1635ರಲ್ಲಿ ತೀರಿಕೊಂಡ. ಆ ಬರಹ 1657ರಲ್ಲಿ ಪುಸ್ತಕವಾಯಿತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಶೇಕ್ಸ್‌ಪಿಯರ್ 1616ರಲ್ಲಿ ಸತ್ತ ಮೇಲೆ ಮಗಳು ಅಳಿಯ ಅವನ ದೊಡ್ಡ ಮನೆ 'ನ್ಯೂ ಪ್ಲೇಸ್'ಗೆ ಹೋದರು. ಆ ಮನೆ ಮುಂದೆ ಬೇರೆಯವರ ಕೈಸೇರಿತು. ಅದರ ಒಡೆಯನಾಗಿದ್ದ ಒಬ್ಬ ಪಾದ್ರಿ ತೆರಿಗೆ ವಿಷಯಕ್ಕೆ ಊರವರ ಸಂಗಡ ಜಗಳವಾಡಿ, ಸಿಟ್ಟಿನಲ್ಲಿ 1759ರಲ್ಲಿ ಮನೆಯನ್ನೇ ಕೆಡವಿಸಿಬಿಟ್ಟ. ಕೇಳುವವರು ಯಾರು? ಸ್ವತ್ತು ಅವನದು.

ಇದಾದ ಮೇಲೆ ಶೇಕ್ಸ್‌ಪಿಯರ್ ಹುಟ್ಟಿದ ಮನೆ 1847ರಲ್ಲಿ ಹರಾಜಿಗೆ ಬಂತು. ಜನ ಚಂದಾ ಎತ್ತಿ ಕೊಂಡುಕೊಂಡರು. ಅದರಿಂದ ಬೆಳೆದ ಟ್ರಸ್ಟೇ 1949ರಲ್ಲಿ ಡಾಕ್ಟರ ಮನೆಯನ್ನೂ ಕೊಂಡು, ರಿಪೇರಿ ಮಾಡಿಸಿ, 1951ರಲ್ಲಿ ಜನ ನೋಡೋಕೆ ತೆರೆಯಿತು.

ಒಬ್ಬನ ಕೈಲಿದ್ದ ಮನೆ ಒಬ್ಬನ ಸಿಟ್ಟಿಗೆ ನೆಲಸಮ ಆಯಿತು. ಹತ್ತಾರು ಕೈ ಸೇರಿ ಕಾಪಾಡಿದ್ದು ನಾನೂರು ವರ್ಷ ದಾಟಿ ನಿಂತಿದೆ. ನಮ್ಮ ಸಂಘವೂ ಹಾಗೇ. ಇಲ್ಲಿನ ಗೋದಾಮಿನ ಗೋಡೆ, ಠರಾವು ಪುಸ್ತಕದ ಹಾಳೆ ಯಾವ ಅಧ್ಯಕ್ಷರದ್ದೂ ಅಲ್ಲ, ನಿರ್ದೇಶಕರದ್ದೂ ಅಲ್ಲ. ಸರ್ವಸದಸ್ಯರ ಸಭೆಯಲ್ಲಿ ಮಾತಿಗೆ ಮಾತು ಬೆಳೆದು ಸಿಟ್ಟು ಬರಬಹುದು. ನನಗೂ ಬಂದದ್ದುಂಟು. ಆಗೆಲ್ಲ ಆ ಕೆಡವಿದ ಮನೆಯನ್ನು ನೆನೆಯೋಣ. ಕಟ್ಟಿದ್ದನ್ನು ಮಕ್ಕಳ ಕೈಗೆ ಒಪ್ಪಿಸೋಣ.