ಕುದುರೆಯ ಕೆಳಗೊಂದು ಹರಳು

1993ರ ನವೆಂಬರ್ 18. ನ್ಯೂಯಾರ್ಕಿನ ಸೋನಿ ಸ್ಟುಡಿಯೋದಲ್ಲಿ ‘ನಿರ್ವಾಣ’ ತಂಡದ ಕಛೇರಿ. ಎಂಟಿವಿ ವಾಹಿನಿ 1989ರಲ್ಲಿ ಆರಂಭಿಸಿದ್ದ ಆ ಕಾರ್ಯಕ್ರಮದ ಹೆಸರು ‘ಅನ್‌ಪ್ಲಗ್ಡ್’. ಅಂದರೆ ಪ್ಲಗ್ ಕಿತ್ತದ್ದು. ವಿದ್ಯುತ್ ವಾದ್ಯಗಳ ಅಬ್ಬರವನ್ನು ಬದಿಗಿಟ್ಟು ಮರದ ವಾದ್ಯಗಳ ಸಹಜ ನಾದದಲ್ಲಿ ಹಾಡಬೇಕೆಂಬುದು ಅದರ ಉದ್ದೇಶ. ಮೇಣದ ಬತ್ತಿ, ಬಿಳಿ ಲಿಲ್ಲಿ ಹೂಗಳ ನಡುವೆ ಕುಳಿತು ಕರ್ಟ್ ಕೋಬೇನ್ ನುಡಿಸಿದ್ದು ಮಾರ್ಟಿನ್ ಕಂಪನಿಯ ಮರದ ಗಿಟಾರನ್ನೇ. ಆದರೆ ಅದರಿಂದ ಹೊರಟ ವೈರು ಆಂಪ್ಲಿಫೈಯರಿಗೆ ಹೋಗಿತ್ತು! ಅದು ಪ್ರೇಕ್ಷಕರ ಕಣ್ಣಿಗೆ ಬೀಳದಿರಲೆಂದು ಮುಂದೆ ಹುಸಿ ಪೆಟ್ಟಿಗೆಯೊಂದನ್ನಿಟ್ಟು ಮರೆಮಾಡಿದ್ದರು.

ಇದನ್ನು ಮೋಸ ಎಂದು ಕರೆಯುವ ಮುನ್ನ ಸ್ವಲ್ಪ ತಾಳಬೇಕು. ಸಾವಿರಾರು ಜನರ ಮುಂದೆ, ಡ್ರಮ್ಮಿನ ಪಕ್ಕದಲ್ಲಿ ನಿಂತ ಮರದ ಗಿಟಾರಿನ ದನಿ ಯಾರಿಗೆ ಕೇಳಿಸೀತು? ಮುಂದೊಂದು ಮೈಕ್ ಇಡಬಹುದಲ್ಲ ಎಂದು ನೀವು ಕೇಳಬಹುದು. ಇಟ್ಟು ನೋಡಿದವರಿಗೆ ಗೊತ್ತು, ಸ್ವಲ್ಪ ದನಿ ಏರಿಸಿದರೆ ಸಾಕು, ಸಭಾಂಗಣವೆಲ್ಲ ‘ಕುಂಯ್’ ಎಂದು ಕಿರುಚುತ್ತದೆ. ಮೈಕಿನಿಂದ ಸ್ಪೀಕರಿಗೆ ಹೋದ ಸದ್ದು ಮತ್ತೆ ಮೈಕಿಗೇ ಬಂದು ಸುತ್ತತೊಡಗುವುದೇ ಇದಕ್ಕೆ ಕಾರಣ. ಗಿಟಾರಿನಲ್ಲಿ ಈ ಪೀಡೆ ಇನ್ನೂ ಹೆಚ್ಚು. ಅದರ ತೆಳು ಮೇಲ್ಹಲಗೆ ಒಂದು ಚರ್ಮವಾದ್ಯವಿದ್ದಂತೆ. ಸ್ಪೀಕರಿನ ಸದ್ದಿಗೆ ತಾನೂ ಅದುರುತ್ತದೆ. ಒಳಗಿನ ಗಾಳಿಯೂ ಸುಮಾರು 100 ಹರ್ಟ್ಸ್ ಆಸುಪಾಸಿನಲ್ಲಿ ಗುಂಯ್‌ಗುಡುತ್ತದೆ. ಯಾವ ಹಗುರ ಮರದಿಂದ ಆ ವಾದ್ಯಕ್ಕೆ ಮಾಧುರ್ಯ ಬಂತೋ ಅದೇ ಮರ ವೇದಿಕೆಯಲ್ಲಿ ಶತ್ರುವಾಗುತ್ತದೆ.

ಗಿಟಾರಿನ ದನಿ ಏರಿಸುವ ಹಂಬಲಕ್ಕೆ ಮೊದಲು ದಾರಿ ತೋರಿಸಿದ್ದು ಹವಾಯಿ ಸಂಗೀತ. 1915ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ನಡೆದ ದೊಡ್ಡ ವಸ್ತುಪ್ರದರ್ಶನದ ನಂತರ ಅಮೆರಿಕದಲ್ಲಿ ಹವಾಯಿ ಗಿಟಾರಿನ ಹುಚ್ಚು ಹಬ್ಬಿತು. ಅದನ್ನು ನುಡಿಸುತ್ತಿದ್ದ ಜಾರ್ಜ್ ಬೋಷಾಂ, 1931ರ ಹೊತ್ತಿಗೆ ಲಾಸ್ ಏಂಜಲೀಸ್‌ನಲ್ಲಿ ಅಯಸ್ಕಾಂತಕ್ಕೆ ತಾಮ್ರದ ಎಳೆ ಸುತ್ತಿ ಒಂದು ‘ಪಿಕಪ್’ ಮಾಡಿದರು. ಉಕ್ಕಿನ ತಂತಿ ಮಿಡಿದಾಗ ಅಯಸ್ಕಾಂತ ಕ್ಷೇತ್ರ ಕದಡಿ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಆಡಾಲ್ಫ್ ರಿಕನ್‌ಬ್ಯಾಕರ್ ಜತೆಗೂಡಿ ಅವರು ಮಾರುಕಟ್ಟೆಗೆ ತಂದ ವಾದ್ಯ ನೋಡಲು ಬಾಣಲೆಯಂತಿತ್ತು. ಅಡ್ಡಹೆಸರೂ ‘ಫ್ರೈಯಿಂಗ್ ಪ್ಯಾನ್’ ಎಂದೇ. 1934ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರೆ, ಇದು ಕೆಲಸ ಮಾಡುತ್ತದೆಯೇ ಎಂದೇ ಅಧಿಕಾರಿಗಳಿಗೆ ಅನುಮಾನ. ಹವಾಯಿ ವಾದಕರನ್ನು ಕಚೇರಿಗೇ ಕಳಿಸಿ ನುಡಿಸಿ ತೋರಿಸಬೇಕಾಯಿತು. ಪೇಟೆಂಟ್ ಕೈಗೆ ಬಂದದ್ದು 1937ರಲ್ಲಿ.

ಇಲ್ಲಿಂದ ಎಲೆಕ್ಟ್ರಿಕ್ ಗಿಟಾರಿನ ದಾರಿಯೇ ಬೇರೆಯಾಯಿತು. ಅಯಸ್ಕಾಂತಕ್ಕೆ ಮರದ ಗೊಡವೆ ಇಲ್ಲ. ಅದಕ್ಕೆ ಗೊತ್ತಿರುವುದು ಉಕ್ಕು ಮಾತ್ರ. ನೈಲಾನ್ ತಂತಿ ಅದರ ಪಾಲಿಗೆ ಇಲ್ಲವೇ ಇಲ್ಲ. ಮರದ ಗಿಟಾರಿನ ದಪ್ಪ ತಂತಿಗಳಿಗೆ ಸುತ್ತಿದ ಕಂಚೂ ಅದಕ್ಕೆ ತಿಳಿಯದು. ಹೀಗಾಗಿ ಮೇಲಿನ ಸ್ಥಾಯಿಯ ಬರಿ ಉಕ್ಕಿನ ತಂತಿಗಳು ಮೆರೆದು ಉಳಿದವು ಹಿಂದೆ ಬೀಳುತ್ತವೆ.

ಆದರೂ ಕಂಪನಿಗಳು ಬಿಡಲಿಲ್ಲ. 1954ರಲ್ಲಿ ಗಿಬ್ಸನ್ ತಂದ ‘ಜೆ-160ಇ’ ಗಿಟಾರಿನಲ್ಲಿ ಅಯಸ್ಕಾಂತ ಪಿಕಪ್ ಇತ್ತು. ಕಿರುಚಾಟ ತಡೆಯಲು ಮೇಲ್ಹಲಗೆಯನ್ನೇ ಪ್ಲೈವುಡ್ಡಿನಲ್ಲಿ ಮಾಡಿದರು! ಮರದ ದನಿ ಕೇಳಿಸಲೆಂದು ಮರವನ್ನೇ ಮೂಕವಾಗಿಸಿದ ಜಾಣತನ ಇದು. ಬೀಟಲ್ಸ್ ತಂಡದ ಜಾನ್ ಲೆನನ್ ಮತ್ತು ಜಾರ್ಜ್ ಹ್ಯಾರಿಸನ್ 1962ರಲ್ಲಿ ಇದನ್ನೇ ಕೊಂಡರು. ಅಷ್ಟು ಮಾಡಿಯೂ ಕಿರುಚಾಟ ಪೂರ್ತಿ ನಿಂತಿರಲಿಲ್ಲ. 1964ರಲ್ಲಿ ‘ಐ ಫೀಲ್ ಫೈನ್’ ಹಾಡಿನ ಧ್ವನಿಮುದ್ರಣದ ವೇಳೆ, ಆಂಪ್ಲಿಫೈಯರಿಗೆ ಒರಗಿಸಿಟ್ಟಿದ್ದ ಲೆನನ್ ಗಿಟಾರ್ ತಾನಾಗಿ ಗುಂಯ್ ಎಂದಿತು. ಲೆನನ್‌ಗೆ ಅದು ಹಿಡಿಸಿ, ಹಾಡಿನ ಆರಂಭಕ್ಕೆ ಬೇಕೆಂದೇ ಸೇರಿಸಿಕೊಂಡರು. ದೋಷ ಅಲಂಕಾರವಾಯಿತು.

ಅಷ್ಟು ಅದೃಷ್ಟ ಮಾರ್ಟಿನ್ ಕಂಪನಿಗೆ ಇರಲಿಲ್ಲ. 1950ರ ದಶಕದ ಕೊನೆಗೆ ಅದು ತನ್ನ ಪ್ರಸಿದ್ಧ ‘ಡಿ-18’ ಮಾದರಿಯ ಮೇಲ್ಹಲಗೆ ಕೊರೆದು ಎರಡು ಅಯಸ್ಕಾಂತ ಪಿಕಪ್ ಕೂರಿಸಿ ‘ಡಿ-18ಇ’ ಎಂದು ಹೆಸರಿಟ್ಟಿತು. ಅತ್ತ ಒಳ್ಳೆಯ ಎಲೆಕ್ಟ್ರಿಕ್ ಗಿಟಾರೂ ಅಲ್ಲ, ಇತ್ತ ಒಳ್ಳೆಯ ಮರದ ಗಿಟಾರೂ ಅಲ್ಲ. 302 ಮಾಡಿ ಕೈಬಿಟ್ಟರು.

ಉತ್ತರ ಇದ್ದದ್ದು ಬೇರೆ ಕಡೆ. 1880ರಲ್ಲಿ ಪ್ಯಾರಿಸ್ಸಿನ ಸೋದರರಾದ ಜಾಕ್ ಮತ್ತು ಪಿಯರ್ ಕ್ಯೂರಿ, ಕ್ವಾರ್ಟ್ಜ್‌ನಂಥ ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುವುದನ್ನು ಕಂಡಿದ್ದರು. ಇದೇ ‘ಪೀಜೋ’ ಪರಿಣಾಮ. (ಮೇರಿ ಕ್ಯೂರಿಯವರನ್ನು ಪಿಯರ್ ಮದುವೆಯಾದದ್ದು ಆಮೇಲೆ, 1895ರಲ್ಲಿ.) ನಮ್ಮ ಅಡುಗೆಮನೆಯಲ್ಲಿ ‘ಟಕ್’ ಎಂದು ಕಿಡಿ ಹಾರಿಸುವ ಗ್ಯಾಸ್ ಲೈಟರಿನ ಒಳಗಿರುವುದೂ ಇದೇ ತತ್ತ್ವ. ರೋಶೆಲ್ ಉಪ್ಪಿನ ಹರಳುಗಳನ್ನು ಗ್ರಾಮಫೋನ್ ಪಿಕಪ್‌ಗಳಲ್ಲಿ ಬಳಸಿದರಾದರೂ ಬಿಸಿಲಿಗೂ ತೇವಕ್ಕೂ ಅವು ಹಾಳಾಗುತ್ತಿದ್ದವು. ಗಟ್ಟಿಮುಟ್ಟಾದ ಪಿಂಗಾಣಿ ಹರಳುಗಳು 1950ರ ದಶಕದಲ್ಲಿ ಬಂದ ಮೇಲೆಯೇ ಕಥೆ ಬದಲಾದದ್ದು.

ಅದನ್ನು ಗಿಟಾರಿನಲ್ಲಿ ಜನಪ್ರಿಯಗೊಳಿಸಿದವರು ಹೆಲಿಕಾಪ್ಟರ್ ತಯಾರಕರು ಎಂದರೆ ಅಚ್ಚರಿಯಾದೀತು. ಅಮೆರಿಕದ ಕನೆಕ್ಟಿಕಟ್‌ನ ಚಾರ್ಲ್ಸ್ ಕಾಮನ್ ಸ್ವತಃ ಗಿಟಾರ್ ನುಡಿಸುತ್ತಿದ್ದರು. ಹೆಲಿಕಾಪ್ಟರಿನಲ್ಲಿ ಕಂಪನವನ್ನು ಅಡಗಿಸುವುದೇ ಅವರ ಎಂಜಿನಿಯರುಗಳ ಕಸುಬು. ಅದೇ ವಿದ್ಯೆಯನ್ನು ತಿರುಗಿಸಿ ಕಂಪನ ಹೆಚ್ಚಿಸಲು ಬಳಸಿ 1966ರಲ್ಲಿ ‘ಒವೇಶನ್’ ಗಿಟಾರ್ ತಂದರು. ಕೆಲವೇ ವರ್ಷಗಳಲ್ಲಿ ಅದರ ಒಳಗೆ ಪೀಜೋ ಪಿಕಪ್ಪೂ ಪುಟ್ಟ ಪ್ರಿಆಂಪೂ ಸೇರಿದವು. ಗಾಯಕ ಗ್ಲೆನ್ ಕ್ಯಾಂಪ್‌ಬೆಲ್ 1969ರಿಂದ ತಮ್ಮ ಟಿ.ವಿ. ಕಾರ್ಯಕ್ರಮದಲ್ಲಿ ಒವೇಶನ್ ಹಿಡಿದು ಕಾಣಿಸಿಕೊಂಡದ್ದು ಅದಕ್ಕೆ ಭಾರೀ ಪ್ರಚಾರ ತಂದಿತು.

ಹರಳನ್ನು ಇಡುವ ಜಾಗವೇ ಈ ವಿದ್ಯೆಯ ಗುಟ್ಟು. ವೀಣೆಯಂತೆ ಗಿಟಾರಿಗೂ ಕುದುರೆ ಇದೆ. ಅದರ ಗಾಡಿಯಲ್ಲಿ ಕೂರುವ ಎಲುಬಿನ ಪಟ್ಟಿಗೆ ಇಂಗ್ಲಿಷಿನಲ್ಲಿ ‘ಸ್ಯಾಡಲ್’, ಅಂದರೆ ಜೀನು ಎಂದು ಹೆಸರು. ಆರೂ ತಂತಿಗಳ ಭಾರ ಅದರ ಮೇಲೆ. ಅದರಡಿ ಹರಳಿದ್ದರೆ ತಂತಿ ಮಿಡಿದಂತೆಲ್ಲ ಒತ್ತಡ ಏರಿಳಿದು ವಿದ್ಯುತ್ತಾಗುತ್ತದೆ. ತಂತಿ ಉಕ್ಕಿನದೋ ನೈಲಾನಿನದೋ ಎಂಬ ಭೇದವಿಲ್ಲ.

ಹಾಗಾದರೆ ಪ್ರಿಆಂಪ್ ಏಕೆ? ಹೊಳೆದಂಡೆಯ ಮರಳಿನಲ್ಲಿ ತೋಡಿದ ಒರತೆಯನ್ನು ನೆನಪಿಸಿಕೊಳ್ಳಿ. ಚಿಪ್ಪಿನಲ್ಲಿ ಮೊಗೆದರೆ ತಿಳಿನೀರು. ಕೊಡವನ್ನೇ ಅದ್ದಿದರೆ ಬರೀ ರಾಡಿ. ಹರಳಿನ ವಿದ್ಯುತ್ತೂ ಹಾಗೆಯೇ. ಸಾಮಾನ್ಯ ಮಿಕ್ಸರಿಗೆ ನೇರವಾಗಿ ಜೋಡಿಸಿದರೆ ಅದು ಒಮ್ಮೆಲೇ ಹೆಚ್ಚು ಸೆಳೆದು, ಮಂದ್ರದ ಸ್ವರಗಳು ಸೋರಿಹೋಗಿ ತಗಡಿನ ದನಿ ಉಳಿಯುತ್ತದೆ. ಪ್ರಿಆಂಪ್ ಹತ್ತು ಲಕ್ಷ ಓಮ್ ಅಥವಾ ಇನ್ನೂ ಹೆಚ್ಚಿನ ತಡೆಯೊಡ್ಡಿ ಮೆಲ್ಲಗೆ ಮೊಗೆದು, ಬಲ ತುಂಬಿ ಮುಂದೆ ಕಳಿಸುತ್ತದೆ. ಅದಕ್ಕೆ 9 ವೋಲ್ಟಿನ ಒಂದು ಬ್ಯಾಟರಿ ಸಾಕು.

ಬೆಂಗಳೂರಿನ ರಿಪೇರಿ ಅಂಗಡಿಯೊಂದರಲ್ಲಿ ಈ ಕೆಲಸವನ್ನು ನೋಡುತ್ತ ನಿಂತಿದ್ದೆ. ತಂತಿ ಸಡಿಲಿಸಿ, ಎಲುಬಿನ ಪಟ್ಟಿಯ ತಳವನ್ನು ಪಿಕಪ್ಪಿನ ದಪ್ಪದಷ್ಟೇ ಉಜ್ಜಿ ತೆಗೆದರು. ಇಲ್ಲದಿದ್ದರೆ ತಂತಿಗಳು ಎತ್ತರವಾಗಿ ಬೆರಳು ನೋಯುತ್ತದೆ. ಗಾಡಿಯ ತಳ ಕೂದಲೆಳೆಯಷ್ಟು ಏರುಪೇರಾದರೂ ಒಂದು ತಂತಿ ಕಿರುಚಿ, ಪಕ್ಕದ್ದು ಪಿಸುಗುಡುತ್ತದಂತೆ. ಅದಕ್ಕೇ ಗಂಟೆ ಹಿಡಿಯಿತು. ಕೊನೆಗೆ, ಭುಜಪಟ್ಟಿ ಸಿಕ್ಕಿಸುವ ಗುಂಡಿಯ ಜಾಗದಲ್ಲಿ 12 ಮಿ.ಮೀ. ತೂತು. ಡ್ರಿಲ್ಲಿನ ಸದ್ದಿಗೆ ಗಿಟಾರಿನ ಒಡೆಯ ಬೀದಿಯ ಕಡೆ ಮುಖ ತಿರುಗಿಸಿ ನಿಂತರು. ಅದು ಅವರ ತಂದೆಯ ಗಿಟಾರಂತೆ. ಕೆಲವು ಪ್ರಿಆಂಪ್‌ಗಳಿಗೆ ಗಿಟಾರಿನ ಪಕ್ಕೆಯಲ್ಲಿ ಅಂಗೈಯಗಲ ಕಿಂಡಿ ಕೊರೆಯಬೇಕು ಎಂದು ತಿಳಿದಾಗ, ಇವರು ಆರಿಸಿಕೊಂಡದ್ದು ಒಳಗೇ ಅಡಗುವ ಸಣ್ಣದು ಎಂಬುದು ನನಗೂ ಸಮಾಧಾನ ತಂದಿತು.

ಇಷ್ಟೆಲ್ಲ ಮಾಡಿದ ಮೇಲೆ ಕೇಳುವುದು ಮರದ ನಿಜವಾದ ದನಿಯೇ? ಪೂರ್ತಿ ಅಲ್ಲ. ನಮ್ಮ ಕಿವಿಗೆ ಗಿಟಾರ್ ಬರುವುದು ಗಾಳಿಯ ಮೂಲಕ, ಇಡೀ ಒಡಲಿನಿಂದ. ಹರಳು ಕೇಳುವುದು ಕುದುರೆಯಡಿಯ ಒತ್ತಡವನ್ನು ಮಾತ್ರ. ಜೋರಾಗಿ ಮೀಟಿದರೆ ಬರುವ ಕರ್ಕಶವನ್ನು ವಾದಕರು ಬಾತುಕೋಳಿಯ ಕೂಗಿಗೆ ಹೋಲಿಸುತ್ತಾರೆ. ಒಳಗೊಂದು ಪುಟ್ಟ ಮೈಕ್ ಸೇರಿಸಿ ಬೆರೆಸುವುದು, ಕಳೆದುಹೋದ ಮೈಯ ನಾದವನ್ನು ಡಿಜಿಟಲ್ ಲೆಕ್ಕಾಚಾರದಿಂದ ಮರಳಿ ಹಚ್ಚುವುದು, ಹೀಗೆ ಪರಿಹಾರಗಳು ಬರುತ್ತಲೇ ಇವೆ. ನಮ್ಮ ಸಭೆಗಳಲ್ಲಿ ವೀಣೆಗೆ ಅಂಟಿಸುವ ‘ಕಾಂಟ್ಯಾಕ್ಟ್ ಮೈಕ್’ ಬಗ್ಗೆ ಹಳೆಯ ರಸಿಕರು ಗೊಣಗುವುದೂ ಇದೇ ಕಾರಣಕ್ಕೆ. ಅವರ ಕಿವಿ ತಪ್ಪೇನಲ್ಲ. ಆದರೆ ಹಿಂದಿನ ಸಾಲಿನಲ್ಲಿ ಕುಳಿತು ಗಮಕ ಕೇಳಿಸಿಕೊಂಡವರು ಏನೆನ್ನುತ್ತಾರೋ?

ಕೋಬೇನ್ ಅಂದು ನುಡಿಸಿದ್ದು 1959ರಲ್ಲಿ ತಯಾರಾದ ಅದೇ ಸೋತ ಡಿ-18ಇ. ಕಂಪನಿಯ ಪಿಕಪ್‌ಗಳು ಸಾಲದೆಂದು ನಾದರಂಧ್ರಕ್ಕೆ ಇನ್ನೊಂದನ್ನು ಸಿಕ್ಕಿಸಲಾಗಿತ್ತು. ಐದು ತಿಂಗಳೊಳಗೆ ಅವರು ತೀರಿಕೊಂಡರು. 2020ರ ಜೂನ್‌ನಲ್ಲಿ ಆ ಗಿಟಾರ್ 60 ಲಕ್ಷ ಡಾಲರಿಗೂ ಹೆಚ್ಚಿಗೆ ಹರಾಜಾಯಿತು. ಅಲ್ಲಿಯವರೆಗೆ ಜಗತ್ತಿನ ಯಾವ ಗಿಟಾರೂ ಹರಾಜಿನಲ್ಲಿ ಅಷ್ಟು ಬೆಲೆ ಕಂಡಿರಲಿಲ್ಲ. ಕೊಂಡವರು ಆಸ್ಟ್ರೇಲಿಯದ ಪೀಟರ್ ಫ್ರೀಡ್‌ಮನ್. ಅವರ ‘ರೋಡ್’ ಕಂಪನಿ ತಯಾರಿಸುವುದು ಮೈಕ್‌ಗಳನ್ನು.