ಕೈದಿಗಳು ಕಟ್ಟಿದ ಕಾರ್ಮಿಕ ಸಂಘ

ಸೆರೆಮನೆಯೊಳಗೆ ದುಡಿಯುವವನು ಕೈದಿಯೋ, ಕಾರ್ಮಿಕನೋ? ಎರಡೂ ಹೌದೆಂದಾದರೆ, ಹೊರಗಿನ ಕಾರ್ಮಿಕನಂತೆ ಸಂಘ ಕಟ್ಟುವ ಹಕ್ಕು ಅವನಿಗೂ ಉಂಟೇ? ಕೇಳಲು ವಿಚಿತ್ರವೆನಿಸುವ ಈ ಪ್ರಶ್ನೆ 1977ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ಪ್ರಶ್ನೆ ಎತ್ತಿದವರು ನಾರ್ತ್ ಕೆರೊಲಿನಾ ರಾಜ್ಯದ ಕೈದಿಗಳು.

ಆ ರಾಜ್ಯದಲ್ಲಿ ಸೆರೆಮನೆಗೂ ದುಡಿಮೆಗೂ ಇರುವ ನಂಟು ಹಳೆಯದು. 1865ರಲ್ಲಿ ಅಮೆರಿಕದ ಸಂವಿಧಾನಕ್ಕೆ ಆದ ಹದಿಮೂರನೇ ತಿದ್ದುಪಡಿ ಗುಲಾಮಗಿರಿಯನ್ನು ರದ್ದು ಮಾಡಿತು. ಆದರೆ ಅಪರಾಧಕ್ಕೆ ವಿಧಿಸುವ ಶಿಕ್ಷೆಯಾಗಿ ಬಲವಂತದ ದುಡಿಮೆಗೆ ಅಲ್ಲಿಯೇ ಒಂದು ಕಿಂಡಿ ಉಳಿಯಿತು. ದಕ್ಷಿಣದ ರಾಜ್ಯಗಳು ಆ ಕಿಂಡಿಯನ್ನು ಹೆಬ್ಬಾಗಿಲು ಮಾಡಿಕೊಂಡವು. ಬಿಡುಗಡೆ ಪಡೆದ ಕಪ್ಪು ಜನರನ್ನು ಸಣ್ಣಪುಟ್ಟ ತಪ್ಪುಗಳಿಗೂ ಜೈಲಿಗಟ್ಟಿ, ಗಣಿ, ತೋಟ, ರೈಲು ಹಳಿಗಳ ಕೆಲಸಕ್ಕೆ ಹಚ್ಚಲಾಯಿತು. 1871ರಲ್ಲಿ ವರ್ಜೀನಿಯಾದ ನ್ಯಾಯಾಲಯವೊಂದು ಶಿಕ್ಷೆ ಅನುಭವಿಸುತ್ತಿರುವ ಅಪರಾಧಿಯನ್ನು ರಾಜ್ಯದ ಗುಲಾಮನೆಂದೇ ಕರೆಯಿತು.

ನಾರ್ತ್ ಕೆರೊಲಿನಾದ ಪಶ್ಚಿಮದ ಬೆಟ್ಟಗಳಲ್ಲಿ ರೈಲು ಮಾರ್ಗ ಕಡಿದವರೂ ಕೈದಿಗಳೇ. 1882ರ ಡಿಸೆಂಬರಿನಲ್ಲಿ ಕೌವಿ ಸುರಂಗದ ಕೆಲಸಕ್ಕೆಂದು ಟಕಸೀಜಿ ನದಿ ದಾಟುತ್ತಿದ್ದ ದೋಣಿ ಮಗುಚಿ, ಸಂಕೋಲೆ ತೊಟ್ಟಿದ್ದ 19 ಮಂದಿ ಕೈದಿಗಳು ಮುಳುಗಿ ಸತ್ತರು. ರೈಲಿನ ನಂತರ ರಸ್ತೆಯ ಸರದಿ. 1930ರ ದಶಕದಲ್ಲಿ ರಾಜ್ಯ ಸರ್ಕಾರ ಜೈಲು ಆಡಳಿತವನ್ನು ಹೆದ್ದಾರಿ ಇಲಾಖೆಯೊಂದಿಗೇ ಸೇರಿಸಿತು. ಅವೆರಡೂ ಬೇರೆಯಾದದ್ದು 1957ರಲ್ಲಿ. ಅಷ್ಟರಲ್ಲಿ ರಸ್ತೆ ಕೆಲಸದ ಶಿಬಿರಗಳು ರಾಜ್ಯದ ಉದ್ದಗಲಕ್ಕೂ ಸಣ್ಣ ಸಣ್ಣ ಸೆರೆಮನೆಗಳಾಗಿ ಹರಡಿಕೊಂಡಿದ್ದವು.

ಅಸಮಾಧಾನದ ದಶಕ

1960ರ ದಶಕದ ಕೊನೆಗೆ ಅಮೆರಿಕದ ಸೆರೆಮನೆಗಳು ಕುದಿಯತೊಡಗಿದವು. 1968ರ ಏಪ್ರಿಲ್‌ನಲ್ಲಿ ನಾರ್ತ್ ಕೆರೊಲಿನಾದ ರಾಜಧಾನಿ ರಾಲಿಯ ಕೇಂದ್ರ ಕಾರಾಗೃಹದಲ್ಲಿ ಗಲಭೆಯಾಗಿ ಆರು ಮಂದಿ ಕೈದಿಗಳು ಸತ್ತರು. 1970ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಫಾಲ್ಸಮ್ ಜೈಲಿನ ಕೈದಿಗಳು 19 ದಿನ ಕೆಲಸ ನಿಲ್ಲಿಸಿದರು. ಸಂಘ ಕಟ್ಟುವ ಹಕ್ಕು ಅವರ ಬೇಡಿಕೆಗಳಲ್ಲಿ ಒಂದಾಗಿತ್ತು. ಮರುವರ್ಷ ನ್ಯೂಯಾರ್ಕ್ ರಾಜ್ಯದ ಆಟಿಕಾ ಜೈಲಿನ ದಂಗೆಯಲ್ಲಿ 43 ಮಂದಿ ಪ್ರಾಣ ಕಳೆದುಕೊಂಡರು. ಅಲ್ಲಿಯೂ ಕನಿಷ್ಠ ಕೂಲಿಯ ಬೇಡಿಕೆ ಇತ್ತು.

ಈ ಹಿನ್ನೆಲೆಯಲ್ಲಿ 1974ರ ಕೊನೆಯಲ್ಲಿ ‘ನಾರ್ತ್ ಕೆರೊಲಿನಾ ಕೈದಿಗಳ ಕಾರ್ಮಿಕ ಸಂಘ’ ಕಾನೂನುಬದ್ಧವಾಗಿ ನೋಂದಣಿಯಾಯಿತು. ಕೆಲಸದ ಸ್ಥಿತಿಗತಿ ಸುಧಾರಿಸುವುದು, ಜೈಲು ಕಾನೂನುಗಳ ಬದಲಾವಣೆಗೆ ಶ್ರಮಿಸುವುದು, ಕೈದಿಗಳ ದೂರುಗಳನ್ನು ಒಟ್ಟುಗೂಡಿಸಿ ಅಧಿಕಾರಿಗಳ ಮುಂದಿಡುವುದು ಅದರ ಉದ್ದೇಶಗಳು. ದಂಗೆಯ ದಾರಿ ಬಿಟ್ಟು ಅರ್ಜಿಯ ದಾರಿ ಹಿಡಿದ ಸಂಘ ಅದು. 1975ರ ಆರಂಭದ ಹೊತ್ತಿಗೆ ಸುಮಾರು 40 ಸೆರೆಮನೆಗಳಲ್ಲಿ ಅದಕ್ಕೆ ಸುಮಾರು 2,000 ಸದಸ್ಯರಿದ್ದರು.

ಅದೇ ಮಾರ್ಚ್‌ನಲ್ಲಿ ಜೈಲು ಇಲಾಖೆ ನಿರ್ಬಂಧ ಹೇರಿತು. ಸಂಘದ ಸಭೆ ನಡೆಸುವಂತಿಲ್ಲ. ಒಬ್ಬ ಕೈದಿ ಇನ್ನೊಬ್ಬನನ್ನು ಸದಸ್ಯನಾಗು ಎಂದು ಕೇಳುವಂತಿಲ್ಲ. ಸಂಘದ ಪತ್ರಿಕೆಗಳ ಕಟ್ಟನ್ನು ಹೊರಗಿನಿಂದ ತರಿಸಿ ಹಂಚುವಂತಿಲ್ಲ. ಸದಸ್ಯತ್ವಕ್ಕೆ ಮಾತ್ರ ಅಡ್ಡಿ ಇರಲಿಲ್ಲ. ಸೇರಬಹುದು, ಸೇರಿ ಎನ್ನಬಾರದು ಎಂಬ ವಿಲಕ್ಷಣ ಸ್ಥಿತಿ ಅದು.

ದೂರು ಹೇಳಿಕೊಳ್ಳಲು ದಾರಿ ಏಕೆ ಬೇಕೆಂಬುದಕ್ಕೆ ನಿದರ್ಶನ ಮೂರೇ ತಿಂಗಳಲ್ಲಿ ದೊರೆಯಿತು. ರಾಲಿಯ ಮಹಿಳಾ ಕಾರಾಗೃಹದ ಕೈದಿಗಳು ಅಲ್ಲಿನ ಬಟ್ಟೆ ಒಗೆಯುವ ಘಟಕದ ದುಡಿಮೆಯೂ ಸೇರಿದಂತೆ ಹಲವು ಕಷ್ಟಗಳನ್ನು ಮುಂದಿಟ್ಟು 1975ರ ಜೂನ್‌ನಲ್ಲಿ ಅಂಗಳದಲ್ಲಿ ಧರಣಿ ಕುಳಿತರು. ಕಾವಲುಗಾರರೊಂದಿಗೆ ಘರ್ಷಣೆಯಾಯಿತು.

ನ್ಯಾಯಾಲಯದ ಕಟ್ಟೆ

ಸಂಘ ನ್ಯಾಯಾಲಯದ ಮೊರೆ ಹೊಕ್ಕಿತು. ಸಾಮೂಹಿಕ ಚೌಕಾಸಿಯ ಹಕ್ಕು ಅಲ್ಲಿ ಚರ್ಚೆಯ ವಿಷಯವಾಗಿರಲಿಲ್ಲ. ನಾರ್ತ್ ಕೆರೊಲಿನಾದಲ್ಲಿ ಸರ್ಕಾರಿ ನೌಕರರ ಸಂಘಗಳ ಜೊತೆಗೂ ಸರ್ಕಾರ ವೇತನ ಒಪ್ಪಂದ ಮಾಡಿಕೊಳ್ಳುವುದನ್ನು 1959ರ ಕಾನೂನು ನಿಷೇಧಿಸಿತ್ತು. ಕೈದಿಗಳು ಕೇಳಿದ್ದು ಇಷ್ಟೇ: ಮದ್ಯವ್ಯಸನಿಗಳ ನೆರವಿನ ‘ಆಲ್ಕೊಹಾಲಿಕ್ಸ್ ಅನಾನಿಮಸ್’, ಸಮಾಜ ಸೇವೆಯ ‘ಜೇಸೀಸ್’ ಮುಂತಾದ ಸಂಸ್ಥೆಗಳಿಗೆ ಜೈಲಿನೊಳಗೆ ಸಭೆ ಸೇರಲು ಅವಕಾಶವಿರುವಾಗ ನಮಗೇಕಿಲ್ಲ?

ಕೆಳಗಿನ ಫೆಡರಲ್ ನ್ಯಾಯಾಲಯ ಈ ವಾದವನ್ನು ಬಹುಮಟ್ಟಿಗೆ ಒಪ್ಪಿತು. ಸಂಘದಿಂದ ಸೆರೆಮನೆಯ ಶಾಂತಿ ಕದಡಿದ್ದಕ್ಕೆ ಪುರಾವೆಯೇ ಇಲ್ಲವೆಂದಿತು. ಆದರೆ 1977ರ ಜೂನ್ 23ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ವಿಲಿಯಂ ರೆನ್‌ಕ್ವಿಸ್ಟ್ ಅವರ ಪ್ರಕಾರ, ಅನಾಹುತ ಆಗುವವರೆಗೆ ಅಧಿಕಾರಿಗಳು ಕಾಯಬೇಕಿಲ್ಲ. ಆಗಬಹುದೆಂಬ ಅವರ ಅಂದಾಜು ಅಸಮಂಜಸವಲ್ಲದಿದ್ದರೆ ಸಾಕು. ಸೆರೆಮನೆ ಸಾರ್ವಜನಿಕ ಸಭಾಂಗಣವಲ್ಲ. ಇತರ ಸಂಸ್ಥೆಗಳು ಕೈದಿಯ ಸುಧಾರಣೆಗೆ ನೆರವಾಗುವಂಥವು. ಸಂಘವಾದರೋ ಆಡಳಿತಕ್ಕೆ ಎದುರಾಳಿಯಾಗಿ ನಿಲ್ಲುವಂಥದ್ದು.

ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಇದಕ್ಕೆ ಭಿನ್ನಮತ ಬರೆದರು. ನ್ಯಾಯಮೂರ್ತಿ ವಿಲಿಯಂ ಬ್ರೆನ್ನನ್ ಜೊತೆಗೂಡಿದರು. ಮಾರ್ಷಲ್ ಆ ನ್ಯಾಯಾಲಯದ ಮೊದಲ ಕಪ್ಪು ನ್ಯಾಯಮೂರ್ತಿ. ಅಧಿಕಾರಿಯ ಭಯವನ್ನೇ ಪುರಾವೆಯೆಂದು ಒಪ್ಪಿದರೆ ಕೈದಿಯ ಹಕ್ಕಿಗೆ ಉಳಿಗಾಲವಿಲ್ಲ ಎಂಬುದು ಅವರ ವಾದದ ಸಾರ.

ಅಧಿಕಾರಿಗಳ ಆತಂಕವನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. ಸೆರೆಮನೆಗಳಲ್ಲಿ ಗುಂಪುಗಾರಿಕೆ ಇರುತ್ತದೆ. ಬಲಿಷ್ಠನೊಬ್ಬ ಸಂಘದ ಮುಖಂಡನಾಗಿ ದುರ್ಬಲರನ್ನು ಹೆದರಿಸಬಹುದು. ಮುಷ್ಕರ ನಡೆದರೆ ಅಡುಗೆಮನೆಯೇ ನಿಂತುಹೋಗಬಹುದು. ಅಪರಾಧಕ್ಕೆ ಬಲಿಯಾದವರ ಕುಟುಂಬಗಳಿಗೆ ಕೈದಿಯ ಹಕ್ಕಿನ ಮಾತು ಕಹಿಯೆನಿಸಿದರೆ ಅಚ್ಚರಿಯಿಲ್ಲ. ಆದರೆ ಫಾಲ್ಸಮ್, ಆಟಿಕಾಗಳಲ್ಲಿ ಕೆಲಸ ನಿಂತದ್ದು, ದಂಗೆಯೆದ್ದದ್ದು ಮಾನ್ಯತೆ ಪಡೆದ ಸಂಘ ಇದ್ದುದರಿಂದಲ್ಲ. ದೂರು ಹೇಳಿಕೊಳ್ಳುವ ದಾರಿ ಇಲ್ಲದಲ್ಲಿಯೂ ಕೈದಿಗಳು ಒಟ್ಟಾಗುತ್ತಾರೆ ಎಂಬುದು ಆ ಘಟನೆಗಳಿಂದ ತಿಳಿಯುತ್ತದೆ.

ಬೇರೆ ದಾರಿ ಅಸಾಧ್ಯವೇನೂ ಆಗಿರಲಿಲ್ಲ. ಅದೇ 1977ರಲ್ಲಿ ಕೆನಡಾದ ಗ್ವೆಲ್ಫ್ ಕಾರಾಗೃಹದಲ್ಲಿ ಖಾಸಗಿ ಕಂಪನಿ ನಡೆಸುತ್ತಿದ್ದ ಮಾಂಸ ಸಂಸ್ಕರಣಾ ಘಟಕದ ಕೈದಿಗಳು ಹೊರಗಿನ ಕಾರ್ಮಿಕರೊಂದಿಗೆ ಒಂದೇ ಸಂಘದ ಸದಸ್ಯರಾದರು. 2014ರಲ್ಲಿ ಬರ್ಲಿನ್‌ನ ಟೇಗಲ್ ಜೈಲಿನಲ್ಲಿ ಜರ್ಮನಿಯ ಕೈದಿಗಳೂ ಸಂಘ ಕಟ್ಟಿದರು. ಅಮೆರಿಕದಲ್ಲಿ ಮಾತ್ರ 1977ರ ತೀರ್ಪಿನ ನಂತರ ಸಂಘದ ಬಾಗಿಲು ಮುಚ್ಚಿತು. ಮುಷ್ಕರ ನಿಲ್ಲಲಿಲ್ಲ. ಆಟಿಕಾ ದಂಗೆಯ 45ನೇ ವರ್ಷದ ದಿನವಾದ 2016ರ ಸೆಪ್ಟೆಂಬರ್ 9ರಂದು ಹಲವು ರಾಜ್ಯಗಳ ಕೈದಿಗಳು ಕೆಲಸಕ್ಕೆ ಹೋಗಲು ನಿರಾಕರಿಸಿದರು.

ಕೂಲಿ ಮತ್ತು ದನಿ

ಭಾರತದಲ್ಲಿ ಈ ಚರ್ಚೆ ಹೆಚ್ಚಾಗಿ ಕೂಲಿಯ ಸುತ್ತಲೇ ನಡೆದಿದೆ. ಸಂವಿಧಾನದ 23ನೇ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸುತ್ತದೆ. ಕೈದಿಗೆ ಕನಿಷ್ಠ ಕೂಲಿಗಿಂತ ಕಡಿಮೆ ಕೊಡುವುದು ಇದಕ್ಕೆ ವಿರುದ್ಧವೆಂದು ಕೇರಳ ಹೈಕೋರ್ಟ್ 1983ರಲ್ಲಿ ಹೇಳಿತು. 1998ರಲ್ಲಿ ಸುಪ್ರೀಂ ಕೋರ್ಟ್, ಕಠಿಣ ಶಿಕ್ಷೆಗೆ ಒಳಗಾದವರಿಂದ ಕೆಲಸ ಮಾಡಿಸುವುದು ತಪ್ಪಲ್ಲ, ಆದರೆ ನ್ಯಾಯಸಮ್ಮತ ಕೂಲಿ ಕೊಡಬೇಕು ಎಂದು ತೀರ್ಪಿತ್ತಿತು. ಅದರಲ್ಲಿ ಒಂದು ಪಾಲನ್ನು ಅಪರಾಧಕ್ಕೆ ಬಲಿಯಾದವರ ಪರಿಹಾರಕ್ಕೆ ತೆಗೆದಿಡುವ ವ್ಯವಸ್ಥೆಯನ್ನೂ ಸೂಚಿಸಿತು.

ಕೂಲಿಯನ್ನು ನ್ಯಾಯಾಲಯ ಕೊಡಿಸಬಲ್ಲದು. ಆದರೆ ಕೂಲಿ ಸರಿಯಾಗಿ ಕೈಸೇರುತ್ತಿದೆಯೇ, ಯಂತ್ರಕ್ಕೆ ರಕ್ಷಣೆ ಇದೆಯೇ, ಗಾಯವಾದರೆ ಗತಿಯೇನು ಎಂಬುದನ್ನು ದಿನದಿನವೂ ಬಲ್ಲವನು ಅಲ್ಲಿ ದುಡಿಯುವವನೇ. ಮುಷ್ಕರದ ಹಕ್ಕು ಕೊಡುವುದೋ ಬಿಡುವುದೋ ಬೇರೆ ಮಾತು. ಕೆಲಸದ ಬಗ್ಗೆ ಒಟ್ಟಾಗಿ ಕುಳಿತು ಮಾತನಾಡಿ, ಒಂದು ಅರ್ಜಿ ಬರೆದು ಕಳುಹಿಸುವ ಅವಕಾಶವಾದರೂ ಬೇಡವೇ? ನಾರ್ತ್ ಕೆರೊಲಿನಾದ ಕೈದಿಗಳು 1975ರಲ್ಲಿ ಕೇಳಿದ್ದು ಅದಕ್ಕಿಂತ ಹೆಚ್ಚೇನೂ ಅಲ್ಲ. ಕುಡಿತ ಬಿಡುವ ಬಗ್ಗೆ ಅವರು ಸಭೆ ಸೇರಬಹುದಿತ್ತು. ದುಡಿಮೆಯ ಬಗ್ಗೆ ಸೇರುವಂತಿರಲಿಲ್ಲ.